ಚೌಕಿಗೆ ಕಿಸೆ ಕ್ಯಾಮೆರಾ ಸಾಕು

ಪತ್ತನಾಜೆ ಹತ್ತಿರ ಬಂತು, ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತು. ಮೊನ್ನೆ ವಿಟ್ಲದ ಹತ್ತಿರ ಒಂದು ಬಯಲಾಟ ನೋಡಿ ನಿದ್ದೆಗೆಟ್ಟು ಬಂದಿದ್ದೇನೆ. ತಲೆಯಲ್ಲಿ ಇನ್ನೂ ಚೆಂಡೆ ಬಾರಿಸುತ್ತಿದೆ.

ಕಿಸೆಯಲ್ಲಿದ್ದದ್ದು ರಿಕೋ ಜಿಆರ್ 3 ಮಾತ್ರ. 2019ರ ಮಾಡೆಲ್, ಬ್ಯಾಟರಿ ಸೇರಿ 257 ಗ್ರಾಂ. ಒಳಗಿರುವುದು ಮಾತ್ರ ಹೆಗಲು ನೋಯಿಸುವ ಎಷ್ಟೋ ಡಿಎಸ್‌ಎಲ್‌ಆರ್‌ಗಳಲ್ಲಿರುವಂಥದೇ ಎಪಿಎಸ್-ಸಿ ಸೆನ್ಸರ್. 28 ಎಂಎಂ ನೋಟ, ಜೂಮ್ ಇಲ್ಲ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಬಣ್ಣದ ಮನೆಯಲ್ಲಿ, ಚಕ್ಕಳಮಕ್ಕಳ ಹಾಕಿ ಕೂತರೆ ಅಷ್ಟೇ ಸಾಕು. ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿದ ಮುದ್ದೆಯಿಂದ ಮುಖದ ಮೇಲೆ ಮುಳ್ಳು ಮುಳ್ಳಾಗಿ ಚುಟ್ಟಿ ಇಡುತ್ತಿದ್ದರು. ಒಂದು ಮುಳ್ಳು, ಕನ್ನಡಿಯಲ್ಲೊಮ್ಮೆ ನೋಟ, ಇನ್ನೊಂದು ಮುಳ್ಳು. ಗಂಟೆಗಟ್ಟಲೆ ಕೆಲಸ. ಮೊದಲೇ ಗೊತ್ತುಮಾಡಿದ ದೂರಕ್ಕೆ ನಿಲ್ಲುವ ಸ್ನ್ಯಾಪ್ ಫೋಕಸನ್ನು ಒಂದು ಮೀಟರಿಗೆ ಇಟ್ಟು ಕೂತೆ. ಮುಖ, ಕನ್ನಡಿ, ಹಿಂದಿನ ಕಿರೀಟದ ಪೆಟ್ಟಿಗೆ ಎಲ್ಲವೂ ಒಳಗೆ ಬಂತು.

ಅಷ್ಟರಲ್ಲಿ ಬಾಗಿಲಲ್ಲಿ ಮೂವರು, ಕೈಯಲ್ಲಿ 70-200 ಎಂಎಂ ಜೂಮ್ ಲೆನ್ಸ್. ಸಲೂನ್ ಎಂಬ ಫೋಟೋ ಸ್ಪರ್ಧೆಗಳ ಪಂಥದವರು. ಚುಟ್ಟಿಯ ಕೈ ಅರ್ಧಕ್ಕೇ ನಿಂತಿತು, ಮುಖ ಫೋಟೋಕ್ಕೆ ತಯಾರಾಯಿತು. ಅವರಿಗೆ ಬೇಕಾದದ್ದೂ ಅದೇ: ಹಿನ್ನೆಲೆ ಮಸುಕು, ಕಣ್ಣು ಚುರುಕು, ಪದಕ ಒಂದು. ಆ ಮುಖ ಚೌಕಿಯಲ್ಲಿತ್ತೋ ಸ್ಟುಡಿಯೋದಲ್ಲಿತ್ತೋ ಯಾರಿಗೆ ಗೊತ್ತು?

ಈಗಿನ ದೊಡ್ಡ ಕ್ಯಾಮೆರಾವೂ ಸದ್ದಿಲ್ಲದೆ ತೆಗೆಯುತ್ತದಲ್ಲ ಎಂದು ಅವರಲ್ಲೊಬ್ಬರು ವಾದಕ್ಕೆ ಬಂದರು. ತೆಗೆಯುತ್ತದೆ ಸ್ವಾಮಿ, ಎಲೆಕ್ಟ್ರಾನಿಕ್ ಶಟರಿನಲ್ಲಿ. ಅದು ಚಿತ್ರವನ್ನು ಸಾಲುಸಾಲಾಗಿ ಓದುತ್ತದೆ. ನಮ್ಮ ಕರೆಂಟು 50 ಹರ್ಟ್ಸಿನದು. ಅಗ್ಗದ ಎಲ್‌ಇಡಿ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ಹಾಗಾಗಿ ಸಾಲಿಗೊಂದು ಬೆಳಕು ಬಿದ್ದು ಬಿಳಿ ಚುಟ್ಟಿಯ ಮೇಲೆ ಅಡ್ಡಪಟ್ಟಿ ಬಂದರೆ ವೇಷ ಕೆಟ್ಟಿತು. ಈ ಪುಟ್ಟದರ ಶಟರ್ ಲೆನ್ಸಿನೊಳಗೇ ಎಲೆಗಳಂತೆ ಮುಚ್ಚಿ ತೆರೆಯುವಂಥದು. ಇಡೀ ಚೌಕಟ್ಟಿಗೆ ಒಟ್ಟಿಗೆ ಬೆಳಕು, ಸದ್ದು ಹಲ್ಲಿ ಲೊಚಗುಟ್ಟಿದಷ್ಟೂ ಇಲ್ಲ. ಗ್ಯಾಸ್‌ಲೈಟಿನ ಕಾಲದಲ್ಲಿ ಈ ರಗಳೆಯೇ ಇರಲಿಲ್ಲ, ಆ ಮಾತು ಬೇರೆ.

ಇದೇ ಪಂಥದವರು ಮಾತೆತ್ತಿದರೆ ಫ್ರೆಂಚ್ ಛಾಯಾಗ್ರಾಹಕ ಕಾರ್ಟಿಯೇ-ಬ್ರೆಸೋನ್, ‘ನಿರ್ಣಾಯಕ ಕ್ಷಣ’. ಅದು ಆತನ 1952ರ ಪುಸ್ತಕದ ಇಂಗ್ಲಿಷ್ ಹೆಸರು. ಫ್ರೆಂಚ್ ಹೆಸರು ‘ಇಮಾಜ್ ಅ ಲಾ ಸೊವೆತ್’. ಪರವಾನಗಿಯಿಲ್ಲದೆ ಬೀದಿಯಲ್ಲಿ ಸರಕು ಹರಡಿ, ಪೊಲೀಸರು ಕಂಡೊಡನೆ ಗಂಟು ಕಟ್ಟಿ ಓಡುವವರ ವ್ಯಾಪಾರಕ್ಕೆ ಹೇಳುವ ಮಾತದು. ಆತ ತನ್ನ ಲೈಕಾ ಕ್ಯಾಮೆರಾದ ಹೊಳೆಯುವ ಭಾಗಗಳಿಗೆ ಕಪ್ಪು ಟೇಪು ಅಂಟಿಸುತ್ತಿದ್ದ. ಉದ್ದನೆಯ ಬಿಳಿ ಲೆನ್ಸ್ ಹಿಡಿದವರು ಅವನ ಹೆಸರೆತ್ತುವಾಗ ನನಗೆ ಸ್ವಲ್ಪ ನಗು ಬರುತ್ತದೆ.

ನನ್ನ ಈ ಪುಟ್ಟದರಲ್ಲಿ ಊನವಿಲ್ಲವೆಂದಲ್ಲ. ಬ್ಯಾಟರಿ ಮೂರು ಬೇಕು, ಮಂದ ಬೆಳಕಿನಲ್ಲಿ ಆಟೋಫೋಕಸ್ ತಡವರಿಸುತ್ತದೆ. ರಂಗಸ್ಥಳದ ಕುಣಿತಕ್ಕೆ, ಕಂಬಳದ ಕೋಣಗಳ ಓಟಕ್ಕೆ ದೊಡ್ಡದೇ ಸೈ.

ಮೂವರೂ ಹೋದ ಮೇಲೆ ವೇಷದವರು ಕನ್ನಡಿಯಿಂದ ಕಣ್ಣು ತೆಗೆಯದೆ ಕೇಳಿದರು: “ಎಂತ ಮಾರಾಯ್ರೆ, ಇವತ್ತು ಕ್ಯಾಮೆರಾ ತರ್ಲಿಲ್ವಾ?”

ಆಗಲೇ ನಲವತ್ತು ಪಟ ಆಗಿತ್ತು.