ಬೀಭತ್ಸಕ್ಕೆ ಬಾಗಿಲು ಹಾಕಬೇಕೆ?

ತರಗತಿಯಲ್ಲಿ ರನ್ನನ ‘ಗದಾಯುದ್ಧ’ದ ಪಾಠ ನಡೆದಿತ್ತು. ದುರ್ಯೋಧನನು ಸಂಜಯನೊಡನೆ ರಣರಂಗದ ಹೆಣಗಳ ನಡುವೆ ನಡೆದುಹೋಗುವ ಪ್ರಸಂಗ ಮುಗಿದೊಡನೆ ವಿದ್ಯಾರ್ಥಿಯೊಬ್ಬ ಎದ್ದು ಕೇಳಿದ: “ಇದನ್ನು ಬೀಭತ್ಸ ರಸವೆಂದು ಮೆಚ್ಚುತ್ತೀರಿ ಸಾರ್. ನಾವು ಕೇಳುವ ಮೆಟಲ್ ಸಂಗೀತ ಮಾತ್ರ ಅಸಹ್ಯವೆ?”

ಪ್ರಶ್ನೆ ನ್ಯಾಯವಾದದ್ದು. ಅವನೇ ಕೊಟ್ಟ, ಅಮೆರಿಕದ ‘ಸ್ಲೇಯರ್’ ತಂಡದ ‘ರೇನ್ ಇನ್ ಬ್ಲಡ್’ (1986) ಎಂಬ ಧ್ವನಿಮುದ್ರಿಕೆಯನ್ನು ಮನೆಯಲ್ಲಿ ಕುಳಿತು ಕೇಳಿದೆ. ಅರ್ಧ ಗಂಟೆಗೂ ಕಡಮೆ ಕಾಲದಲ್ಲಿ ಹತ್ತು ಹಾಡುಗಳು. ಮೊದಲ ಸಲ ಕಿವಿಗೆ ಬಿದ್ದದ್ದು ಗಿಟಾರು, ಡ್ರಮ್ಮುಗಳ ಅಬ್ಬರವಷ್ಟೆ. ಮೂರನೆಯ ಸಲಕ್ಕೆ ಹಾಡುಗಳು ಬೇರೆಬೇರೆಯಾಗಿ ಕೇಳಿಸತೊಡಗಿದವು.

ಮೊದಲನೆಯದು ‘ಏಂಜಲ್ ಆಫ್ ಡೆತ್’. ಬರೆದವನು ತಂಡದ ಗಿಟಾರ್ ವಾದಕ ಜೆಫ್ ಹ್ಯಾನ್‌ಮನ್. ವಸ್ತು, ಆಶ್ವಿಟ್ಸ್ ಶಿಬಿರದಲ್ಲಿ ಬಂದಿಗಳ ಮೇಲೆ ಕ್ರೂರ ಪ್ರಯೋಗ ನಡೆಸಿದ ನಾಜಿ ವೈದ್ಯ ಮೆಂಗೆಲೆ. ಮುದ್ರಿಕೆಯನ್ನು ಹಂಚಬೇಕಾಗಿದ್ದ ಕೊಲಂಬಿಯಾ ಸಂಸ್ಥೆ ಈ ಹಾಡನ್ನೂ ಹೊದಿಕೆಯ ಚಿತ್ರವನ್ನೂ ಕಂಡು ಹಿಂದೆಗೆಯಿತು. ಹಂಚಿದ್ದು ಗೆಫೆನ್ ಸಂಸ್ಥೆ.

ಹಾಡು ಚೀತ್ಕಾರದಿಂದ ತೊಡಗುತ್ತದೆ. ನಡುವೆ ವೇಗ ತಗ್ಗಿ, ಒಂದೊಂದೇ ಹಿಂಸೆಯ ಹೆಸರು ಬರುತ್ತದೆ. ಅಲ್ಲಿ ಕವಿಯ ಉಪಾಯವನ್ನು ಗಮನಿಸಬೇಕು: ಹಿಂಸೆಗೆ ಗುರಿಯಾದವನು ‘ನೀನು’. ಕೇಳುಗನು ದೂರ ನಿಂತು ನೋಡುವಂತಿಲ್ಲ. ಮೇಜಿನ ಮೇಲೆ ಮಲಗಿದವನು ತಾನೇ. ಸತ್ತವರಿಗಾಗಿ ಇಲ್ಲಿ ಕಣ್ಣೀರಿಲ್ಲ. ರನ್ನನ ಬೀಭತ್ಸವು ಕೊನೆಗೆ ಕರುಣಕ್ಕೆ ದಾರಿಮಾಡಿಕೊಡುತ್ತದೆ. ಈ ಹಾಡು ಆ ಬಾಗಿಲವರೆಗೂ ಹೋಗದು. ಆದರೂ ಅದು ಹುಟ್ಟಿಸುವ ಜುಗುಪ್ಸೆ ಸುಳ್ಳಲ್ಲ.

ಎರಡನೆಯ ಹಾಡು ‘ಪೀಸ್ ಬೈ ಪೀಸ್’. ಇಲ್ಲಿಯೂ ದೇಹ ತುಂಡಾಗುತ್ತದೆ. ಆದರೆ ಯಾರದು, ಏಕೆ ಎಂಬುದಿಲ್ಲ. ರಕ್ತವಿದೆ, ರಸವಿಲ್ಲ.

ಈ ಭೇದವನ್ನು ನಾನು ಕಂಡದ್ದು ಎರಡನ್ನೂ ಕೇಳಲು ಸಾಧ್ಯವಾದುದರಿಂದ. ನಿಷೇಧಕ್ಕೆ ಇಂಥ ಭೇದ ತಿಳಿಯದು. ಅದು ಎರಡಕ್ಕೂ ಒಂದೇ ಬೀಗ ಜಡಿಯುತ್ತದೆ. ಅಷ್ಟೇ ಅಲ್ಲ, ಪೊಳ್ಳು ಹಾಡಿಗೂ ಹುತಾತ್ಮನ ಪದವಿ ಕೊಟ್ಟು ವಿಮರ್ಶೆಯಿಂದ ಅದನ್ನು ಕಾಪಾಡುತ್ತದೆ.

ಹಾಗೆಂದು ಬಾಯಿಗೆ ಬಂದುದೆಲ್ಲ ಕಲೆಯೆಂದು ನಾನು ಹೇಳುತ್ತಿಲ್ಲ. ಶಿಬಿರದಿಂದ ಬದುಕಿ ಬಂದವರೊಬ್ಬರು ಈ ಹಾಡು ಕೇಳಿ ನೊಂದರೆ ಆ ನೋವಿನೆದುರು ನನ್ನ ರಸಚರ್ಚೆ ಬಲು ಚಿಕ್ಕದು. ಹಾಡನ್ನು ಕಟುವಾಗಿ ಖಂಡಿಸುವ ಅಧಿಕಾರ ಅವರಿಗೆ ಎಲ್ಲರಿಗಿಂತ ಹೆಚ್ಚು. ಆದರೆ ಹಾಡುವವನ ಬಾಯಿ ಕಟ್ಟುವ ಕೈ, ನಾಳೆ ಖಂಡಿಸುವವರ ಬಾಯನ್ನೂ ಕಟ್ಟೀತು.

ಮುದ್ರಿಕೆಯನ್ನು ಹಿಂದಿರುಗಿಸುವಾಗ, ಮೊದಲನೆಯ ಹಾಡು ನಿಲ್ಲುತ್ತದೆ, ಎರಡನೆಯದು ನಿಲ್ಲದು ಎಂದೆ. ಹುಡುಗ ಒಪ್ಪಲಿಲ್ಲ, ಇನ್ನೊಮ್ಮೆ ಕೇಳಿ ಸಾರ್ ಎಂದ. ಕೇಳಬೇಕೆಂದಿದ್ದೇನೆ.