ಅಂಚು ಸರಿ, ಆಧಾರ ಎಲ್ಲಿ?

ಅಂತಿಮ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಸುತ್ತಲಿನ ಜೆರಾಕ್ಸ್ ಅಂಗಡಿಗಳಿಗೆ ಬಿಡುವಿರುವುದಿಲ್ಲ. ಪ್ರಾಜೆಕ್ಟ್ ರಿಪೋರ್ಟುಗಳ ಪ್ರಿಂಟು, ಗಟ್ಟಿ ರಟ್ಟಿನ ಬೈಂಡಿಂಗು, ಅದರ ಮೇಲೆ ಚಿನ್ನದ ಬಣ್ಣದ ಅಕ್ಷರ. ಈ ಎಲ್ಲಕ್ಕೂ ವಿಭಾಗದಿಂದ ಬಂದ ಫಾರ್ಮ್ಯಾಟ್ ಹಾಳೆಯೇ ಪ್ರಮಾಣ: ಎ4 ಕಾಗದ, ಟೈಮ್ಸ್ ನ್ಯೂ ರೋಮನ್, 12 ಪಾಯಿಂಟ್, ಸಾಲುಗಳ ನಡುವೆ ಒಂದೂವರೆ ಅಂತರ, ಎಡಕ್ಕೆ ಹೆಚ್ಚು ಅಂಚು. ಕಾಲೇಜಿನಿಂದ ಕಾಲೇಜಿಗೆ ವಿವರ ಬದಲಾದೀತು, ಮನೋಧರ್ಮ ಒಂದೇ. ಯಾರೂ ವಿಮರ್ಶೆಗೆ ಎತ್ತಿಕೊಳ್ಳದ ಈ ಹಾಳೆಯನ್ನು ಒಂದು ಕೃತಿಯಂತೆ ಓದುವ ಅಗತ್ಯವಿದೆ. ಅದೆಷ್ಟೋ ವಿದ್ಯಾರ್ಥಿಗಳು ಬರೆಯುವ ಮೊದಲ ದೀರ್ಘ ಬರಹವನ್ನು, ಹಲವರ ಮಟ್ಟಿಗೆ ಕೊನೆಯದನ್ನೂ, ರೂಪಿಸುವುದು ಇದೇ.

ಇದರ ನಿಯಮಗಳು ಅಕಾರಣವಾಗಿ ಹುಟ್ಟಿದವಲ್ಲ. ಎಡಗಡೆಯ ಅಂಚು ಹೊಲಿಗೆಗೆ ಬೇಕು. ಸಾಲುಗಳ ನಡುವಿನ ಜಾಗ ಟೈಪ್‌ರೈಟರ್ ಕಾಲದ್ದು, ಮಾರ್ಗದರ್ಶಕರು ಅಲ್ಲಿಯೇ ತಿದ್ದುಪಡಿ ಬರೆಯುತ್ತಿದ್ದರು. ಟೈಮ್ಸ್ ಅಕ್ಷರ 1932ರಲ್ಲಿ ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಗೆ ಬಂದದ್ದು. ಪತ್ರಿಕೆಯ ಕಿರಿದಾದ ಕಾಲಮ್ಮುಗಳಲ್ಲಿ ಹೆಚ್ಚು ಪದ ಹಿಡಿಸಬೇಕು, ಓದಲೂ ಆಗಬೇಕು ಎಂಬುದು ಅದರ ಗುರಿ. ಅಗಲವಾದ ಎ4 ಹಾಳೆಗೂ ಅದೇ ಆಗಬೇಕೆಂಬ ನಿಯಮವೇನೂ ಇಲ್ಲ. ಸಂಶೋಧನ ಬರವಣಿಗೆಗೆ ಜಗತ್ತಿನಾದ್ಯಂತ ಅನುಸರಿಸುವ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಕೈಪಿಡಿಯ 2019ರ ಏಳನೇ ಆವೃತ್ತಿ ಕ್ಯಾಲಿಬ್ರಿ, ಏರಿಯಲ್, ಜಾರ್ಜಿಯಾಗಳನ್ನೂ ಒಪ್ಪಿಕೊಂಡಿದೆ. ಪ್ರತಿ ಪುಟದ ತಲೆಯ ಮೇಲೂ ಶೀರ್ಷಿಕೆ ಮುದ್ರಿಸುವ ಕಟ್ಟಳೆಯಿಂದ ವಿದ್ಯಾರ್ಥಿಗಳಿಗೆ ಬಿಡುಗಡೆ ಕೊಟ್ಟಿದೆ. ಕೈಪಿಡಿ ಬರೆದವರೇ ಹಿಡಿತ ಸಡಿಲಿಸಿದ ಮೇಲೂ ನಾವು ಬಿಡಲೊಲ್ಲೆವು.

ಆದರೆ ಹಾಳೆಯ ನಿಜವಾದ ದೋಷ ಅಕ್ಷರದ ಆಯ್ಕೆಯಲ್ಲಿಲ್ಲ, ಪುಟಗಳ ಅನುಕ್ರಮದಲ್ಲಿದೆ. ರಿಪೋರ್ಟು ತೆರೆದರೆ ಮೊದಲು ಪ್ರಮಾಣಪತ್ರ, ಮುಂದೆ ಘೋಷಣೆ, ಆಮೇಲೆ ಕೃತಜ್ಞತೆ. ಕೃತಜ್ಞತೆಯಲ್ಲಿ ಸಂಸ್ಥೆಯ ಅಧ್ಯಕ್ಷರು, ಪ್ರಾಂಶುಪಾಲರು, ವಿಭಾಗದ ಮುಖ್ಯಸ್ಥರು ಹುದ್ದೆಯ ಕ್ರಮದಲ್ಲಿ ಬರುತ್ತಾರೆ. ಸಾರಾಂಶ ತಲುಪುವುದು ಮದುವೆಯ ಕರೆಯೋಲೆಯಲ್ಲಿ ಹಿರಿಯರ ಹೆಸರುಗಳನ್ನೆಲ್ಲ ದಾಟಿ ಮುಹೂರ್ತ ಹುಡುಕಿದ ಹಾಗೆ. ಆ ಸಾರಾಂಶವೂ ಬಹುಮಟ್ಟಿಗೆ ವಿಷಯ ಎಷ್ಟು ಮುಖ್ಯ ಎಂದು ಹೇಳುತ್ತದೆಯೇ ಹೊರತು ಏನು ಕಂಡುಬಂತು ಎಂದು ಹೇಳುವುದಿಲ್ಲ. ಅಧ್ಯಾಯಗಳಿಗೆ 1.1, 1.2 ಎಂದು ಸಂಖ್ಯೆ ಕೊಡುವ ಪದ್ಧತಿ ಒಳ್ಳೆಯದೇ. ಆದರೆ ಅನೇಕರು ವಿಷಯಸೂಚಿಯನ್ನು ಕೈಯಲ್ಲೇ ಚುಕ್ಕಿ ಒತ್ತಿ ಮಾಡುತ್ತಾರೆ, ಕೊನೆಯ ತಿದ್ದುಪಡಿಯಲ್ಲಿ ಪುಟಸಂಖ್ಯೆ ತಪ್ಪಿಹೋಗುತ್ತದೆ. ವರ್ಡ್‌ನಲ್ಲಿ ತಲೆಬರಹಕ್ಕೆ ಹೆಡಿಂಗ್ ಸ್ಟೈಲ್ ಕೊಟ್ಟರೆ ಸೂಚಿ ತಾನೇ ಸಿದ್ಧವಾಗುತ್ತದೆ. ತಲೆಬರಹದ ಅಳತೆ ಹೇಳುವ ಹಾಳೆ ಇದನ್ನು ಹೇಳಿಕೊಡುವುದು ಕಡಿಮೆ.

ರೂಪದ ಪ್ರಶ್ನೆ ಪರೀಕ್ಷೆಯ ಅಂಕಕ್ಕೆ ಮುಗಿಯುವುದಿಲ್ಲ. 2003ರ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಕೊಲಂಬಿಯಾ ನೌಕೆಯಲ್ಲಿ ತೀರಿಕೊಂಡರು. ನೌಕೆ ಇನ್ನೂ ಕಕ್ಷೆಯಲ್ಲಿದ್ದಾಗಲೇ, ಉಡಾವಣೆಯಲ್ಲಿ ರೆಕ್ಕೆಗೆ ಬಡಿದ ಫೋಮ್ ತುಂಡಿನ ಬಗ್ಗೆ ಇಂಜಿನಿಯರುಗಳು ನಾಸಾದ ಅಧಿಕಾರಿಗಳ ಮುಂದೆ ಸ್ಲೈಡುಗಳನ್ನಿಟ್ಟಿದ್ದರು. ಒಂದು ಸ್ಲೈಡಿನ ತಲೆಬರಹ ಧೈರ್ಯ ಹೇಳುವಂತಿತ್ತು. ಪರೀಕ್ಷೆಯಲ್ಲಿ ಬಳಸಿದ ತುಂಡು 3 ಘನ ಇಂಚು, ನಿಜವಾಗಿ ಬಡಿದದ್ದು ಸುಮಾರು 1,920 ಘನ ಇಂಚು ಎಂಬ ಮಾತು ಬುಲೆಟ್ಟುಗಳ ಕೆಳಗಿನ ಬುಲೆಟ್ಟಿನಲ್ಲಿ, ಸಣ್ಣ ಅಕ್ಷರದಲ್ಲಿ ಕೂತಿತ್ತು. ತನಿಖಾ ಮಂಡಳಿ ತನ್ನ ವರದಿಯಲ್ಲಿ ಮಾಹಿತಿ ವಿನ್ಯಾಸದ ತಜ್ಞ ಎಡ್ವರ್ಡ್ ಟಫ್ಟೆಯವರು ಈ ಸ್ಲೈಡಿನ ಬಗ್ಗೆ ಮಾಡಿದ ವಿಶ್ಲೇಷಣೆಯನ್ನು ಸೇರಿಸಿತು. ದುರಂತಕ್ಕೆ ಸ್ಲೈಡೊಂದೇ ಕಾರಣವಲ್ಲ. ಆದರೆ ಮಾಹಿತಿ ಪುಟದಲ್ಲಿದ್ದೂ ಓದುವವರ ಕಣ್ಣಿಗೆ ಬೀಳದಂತೆ ರೂಪ ಅದನ್ನು ಮುಚ್ಚಬಲ್ಲದು. ಸಮೀಕ್ಷೆಯ ಮಿತಿಯನ್ನು ಕೊನೆಯ ಪುಟಕ್ಕೆ ತಳ್ಳುವ ನಮ್ಮ ಕಂಪನಿ ವರದಿಗಳದ್ದೂ ಇದೇ ಚಾಳಿ.

ಇನ್ನು ಗ್ರಂಥಸೂಚಿ. ಕುಲನಾಮ ಮೊದಲು ಬರೆದು ಉಳಿದುದನ್ನು ಮೊದಲಕ್ಷರಗಳಿಗೆ ಇಳಿಸು ಎನ್ನುವುದು ಎಪಿಎ ಕ್ರಮ. 'ಬೇಂದ್ರೆ, ದ. ರಾ.' ಎಂದರೆ ಸರಿ, ಬೇಂದ್ರೆ ಎಂಬುದು ಮನೆತನದ ಹೆಸರು. 'ಪುಟ್ಟಪ್ಪ, ಕೆ. ವಿ.' ಎಂದಾಗ? ಕುಪ್ಪಳಿ ಊರು, ವೆಂಕಟಪ್ಪ ತಂದೆ, ಪುಟ್ಟಪ್ಪ ಸ್ವಂತ ಹೆಸರು. ಇಲ್ಲಿ ಕುಲನಾಮವೇ ಇಲ್ಲ. ಅದೇ ಲೇಖಕ ಇನ್ನೊಂದು ಪುಟದಲ್ಲಿ 'ಕುವೆಂಪು' ಆಗಿ, ಅಕಾರಾದಿಯಲ್ಲಿ ಬೇರೆಡೆ ಕೂರುತ್ತಾರೆ. ಕನ್ನಡದ ಆಕರಗಳನ್ನು ಬಳಸುವ ಪ್ರಬಂಧಗಳಿಗೆ ಇಲ್ಲೊಂದು ಸ್ಪಷ್ಟ ನಿಯಮ ಬೇಕು: ಕೃತಿಯ ಮುಖಪುಟದಲ್ಲಿರುವ ಹೆಸರನ್ನೇ ಪೂರ್ತಿ ಬರೆಯುವುದು, ಇನ್ನೊಂದು ಹೆಸರಿನಿಂದ ಅತ್ತ ಕೈತೋರುವುದು. ಇಂಥದನ್ನು ನಿರ್ಧರಿಸದ ಹಾಳೆ, ಅಲ್ಪವಿರಾಮ ಎಲ್ಲಿ ಬರಬೇಕೆಂದು ಮಾತ್ರ ನಿಷ್ಠುರವಾಗಿರುತ್ತದೆ.

ಕನ್ನಡದಲ್ಲೇ ಬರೆದ ಪಿಎಚ್.ಡಿ. ಪ್ರಬಂಧಗಳ ಪಾಡು ಇನ್ನೂ ಬೇರೆ. ಪ್ರಬಂಧಗಳನ್ನು ಎಲ್ಲರಿಗೂ ತೆರೆದಿಡುವ 'ಶೋಧಗಂಗಾ' ಭಂಡಾರ ಇದೆ. ಆದರೆ ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಪ್ರಬಂಧದಿಂದ ಒಂದು ಸಾಲು ನಕಲು ಮಾಡಿದರೆ ಸಿಗುವುದು ರೋಮನ್ ಅಕ್ಷರಗಳ ಕಲಸುಮೇಲೋಗರ, ಸ್ಕ್ಯಾನ್ ಮಾಡಿದ್ದರೆ ಅದೂ ಇಲ್ಲ. ಹುಡುಕಿದರೆ ಪದ ಸಿಗದು. ಕನ್ನಡ 1991ರಲ್ಲೇ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿತ್ತು. ಅಂಚಿಗೆ ಅಳತೆಪಟ್ಟಿ ಇಡುವ ವಿಶ್ವವಿದ್ಯಾಲಯಗಳು ಇದನ್ನು ಕಡ್ಡಾಯ ಮಾಡಿದ್ದರೆ ಸಾವಿರಾರು ಪುಟಗಳ ಸಂಶೋಧನೆ ಇಂದು ಹುಡುಕಲು ಸಿಗುತ್ತಿತ್ತು.

ಒಳ್ಳೆಯ ಮಾದರಿಗೆ ದೂರ ಹೋಗಬೇಕಿಲ್ಲ. ಬಿ. ಎಲ್. ರೈಸ್ 1886ರಿಂದ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹನ್ನೆರಡು ಸಂಪುಟಗಳನ್ನು ನೋಡಿ. ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ. ಪಾಠ ಕನ್ನಡ ಲಿಪಿಯಲ್ಲಿ ಒಂದು ಕಡೆ, ರೋಮನ್ ಲಿಪಿಯಲ್ಲಿ ಇನ್ನೊಂದು ಕಡೆ, ಇಂಗ್ಲಿಷ್ ಅನುವಾದ ಮತ್ತೊಂದು ಕಡೆ, ಸಂಪಾದಕರ ಅಭಿಪ್ರಾಯಕ್ಕೆ ಪ್ರತ್ಯೇಕ ಪೀಠಿಕೆ. ಆಕರ ಯಾವುದು, ವ್ಯಾಖ್ಯಾನ ಯಾವುದು ಎಂಬ ಗೆರೆ ಎಲ್ಲೂ ಅಳಿಸಿಲ್ಲ. ಹೀಗಾಗಿ ರೈಸ್ ಅವರ ಓದು ಒಪ್ಪದವರು ನೇರವಾಗಿ ಪಾಠಕ್ಕೇ ಹೋಗಬಹುದು. ಮೈಸೂರು ವಿಶ್ವವಿದ್ಯಾನಿಲಯ ಮುಂದೆ ಸಂಪುಟಗಳನ್ನು ಪರಿಷ್ಕರಿಸಿದ್ದೂ ಆ ತಳಹದಿಯ ಮೇಲೆಯೇ. ತನ್ನನ್ನು ತಿದ್ದಲು ಇತರರಿಗೆ ದಾರಿ ಬಿಟ್ಟುಕೊಡುವ ಇಂಥ ರೂಪವನ್ನೇ ಒಳ್ಳೆಯ ಫಾರ್ಮ್ಯಾಟ್ ಎನ್ನಬೇಕು.

ಈ ಒರೆಗಲ್ಲಿನಲ್ಲಿ ನಮ್ಮ ಹಾಳೆ ಅರ್ಧ ಮಾತ್ರ ಪಾಸು. ಅಚ್ಚುಕಟ್ಟುತನ ಕಲಿಸುತ್ತದೆ, ಹೊಣೆ ಕಲಿಸುವುದಿಲ್ಲ. ತಿದ್ದುವುದು ಕಷ್ಟವೇನಲ್ಲ. ಮೊದಲ ಪುಟದಲ್ಲೇ ಪ್ರಶ್ನೆ, ಉತ್ತರ, ಉತ್ತರದ ಮಿತಿ ಇರಲಿ. ಪ್ರತಿ ಕೋಷ್ಟಕ, ಚಿತ್ರದ ಕೆಳಗೆ ಅದು ಎಲ್ಲಿಂದ ಬಂತು, ಯಾವಾಗ ಅಳೆದದ್ದು ಎಂದಿರಲಿ. ಜಾಗ ತುಂಬಿಸುವ ಸ್ಕ್ರೀನ್‌ಶಾಟುಗಳು ಅನುಬಂಧಕ್ಕೆ ಹೋಗಲಿ, ಪ್ರಮಾಣಪತ್ರ ಬೇಕಿದ್ದರೆ ಹಿಂಬದಿಗೆ ಸರಿಯಲಿ. ವೈವಾದಲ್ಲಿ ಪರೀಕ್ಷಕರು ಒಂದು ಅಂಕಿಯ ಮೇಲೆ ಬೆರಳಿಟ್ಟು ಇದು ಎಲ್ಲಿಂದ ಬಂತು ಎಂದರೆ, ವಿದ್ಯಾರ್ಥಿ ತಡವರಿಸದೆ ಪುಟ ತೆರೆದು ತೋರಿಸುವಂತಾಗಬೇಕು. ಅದಕ್ಕೆ ನೆರವಾಗುವ ನಿಯಮಗಳು ಉಳಿಯಲಿ. ಮಿಕ್ಕವುಗಳಿಗೆ ಅಂಕ ಕಳೆಯುವುದನ್ನು ನಿಲ್ಲಿಸಿದರೆ ಯಾವ ಸಂಶೋಧನೆಗೂ ನಷ್ಟವಿಲ್ಲ.