ತವರದ ರೋಹಿತದಲ್ಲಿ ಹೇತುವಿಚಾರ

ಕಾರ್ಬನ್ನಿನೊಡನೆ ನೇರವಾಗಿ ಕೂಡಿದ ತವರದ ಸಂಯುಕ್ತಗಳ ರಚನೆಯನ್ನು ನಿರ್ಣಯಿಸುವುದಕ್ಕೆ ಬೈಜಿಕ ಕಾಂತಾನುರಣನದ ರೋಹಿತವು ರಸಾಯನಜ್ಞರಿಗೆ ಪ್ರಬಲ ಸಾಧನವಾಗಿದೆ. ತವರದ ಹತ್ತು ಸ್ಥಿರ ಸಮಸ್ಥಾನಿಗಳಲ್ಲಿ ಮೂರಕ್ಕೆ ಮಾತ್ರ ಅನುರಣನಯೋಗ್ಯತೆ ಉಂಟು. ಅವುಗಳಲ್ಲಿ ನೂರಕ್ಕೆ 8.6 ರಷ್ಟಿರುವ 119 ನೆಯದೇ ಪ್ರಧಾನ. ಟೆಟ್ರಾಮೀಥೈಲ್ ತವರದ ರೇಖೆಯನ್ನು ಸೊನ್ನೆಯಾಗಿಟ್ಟು, ಉಳಿದವುಗಳ ರೇಖೆ ಎಷ್ಟು ದಶಲಕ್ಷಾಂಶ ಸರಿದಿದೆಯೆಂದು ಎಣಿಸುತ್ತಾರೆ. ಇದಕ್ಕೆ ರಾಸಾಯನಿಕ ಪಲ್ಲಟವೆಂದು ಹೆಸರು. ಇಲ್ಲಿ ಪಲ್ಲಟವು ಕಾಣುವ ಲಿಂಗ. ತವರವನ್ನು ಹಿಡಿದಿರುವ ನೆರೆ ಪರಮಾಣುಗಳ ಸಂಖ್ಯೆ ಕಾಣದ ಸಾಧ್ಯ. ಆದುದರಿಂದ ಈ ಜ್ಞಾನವು ಪ್ರತ್ಯಕ್ಷವಲ್ಲ, ಅನುಮಾನ. ವ್ಯಾಪ್ತಿಯನ್ನು ಪರೀಕ್ಷಿಸದೆ ಒಪ್ಪತಕ್ಕದ್ದಲ್ಲ.

1986 ರಲ್ಲಿ ಹೊಲೆಚೆಕ್ ಮತ್ತು ಅವರ ಸಹಕಾರಿಗಳು ಡೈಬ್ಯುಟೈಲ್ ತವರದ ಸಂಯುಕ್ತಗಳಿಗೆ ಒಂದು ವಿಭಾಗವನ್ನು ಹೇಳಿದರು: ನಾಲ್ಕು ನೆರೆಗಳಿದ್ದರೆ ಪಲ್ಲಟ +200 ರಿಂದ −60, ಐದಾದರೆ −90 ರಿಂದ −190, ಆರಾದರೆ −210 ರಿಂದ −400. ಸ್ವಕ್ಷೇತ್ರದಲ್ಲಿ ಈ ಪಟ್ಟಿ ಉಪಕಾರಿಯೇ. ದೋಷ ಹುಟ್ಟುವುದು ಅದನ್ನು ಕ್ಷೇತ್ರದಾಚೆಗೆ ಎಳೆದಾಗ. ಟ್ರೈಮೀಥೈಲ್ ತವರದ ಕ್ಲೋರೈಡನ್ನು ಕ್ಲೋರೋಫಾರ್ಮಿನಲ್ಲಿ ಕರಗಿಸಿದರೆ ಪಲ್ಲಟ ಸುಮಾರು +160. ಪಿರಿಡೀನಿನಲ್ಲಿ ಕರಗಿಸಿದರೆ ಅದು ಸೊನ್ನೆಯ ಸಮೀಪಕ್ಕೆ ಇಳಿಯುತ್ತದೆ. ಪಟ್ಟಿಯನ್ನೇ ನಂಬಿದವನು ಎರಡರಲ್ಲಿಯೂ ನೆರೆ ನಾಲ್ಕೇ ಎಂದಾನು. ಆದರೆ ಪಿರಿಡೀನು ತಾನೇ ಐದನೆಯ ನೆರೆಯಾಗಿ ತವರವನ್ನು ಹಿಡಿದಿರುತ್ತದೆ. ಇವೆರಡೂ ಕೂಡಿದ ಹರಳಿನಲ್ಲಿ ನೆರೆ ಐದೆಂಬುದನ್ನು 1963 ರಲ್ಲಿಯೇ ಹ್ಯೂಮ್ ಎಕ್ಸ್-ಕಿರಣಗಳಿಂದ ತೋರಿಸಿದ್ದರು. ಟೆಟ್ರಾಮೀಥೈಲ್ ತವರದ ಸೊನ್ನೆ ನಾಲ್ಕರದು, ಇದರ ಸೊನ್ನೆ ಐದರದು, ಹೇತು ಅನೈಕಾಂತಿಕ. ಬೆಂಕಿಯಿಂದ ಹೊಗೆಯನ್ನು ಊಹಿಸುವವನಿಗೆ ಹಸಿಸೌದೆಯು ಉಪಾಧಿಯಾಗುವಂತೆ, ಇಲ್ಲಿ ತವರಕ್ಕೆ ಅಂಟಿದ ಗುಂಪುಗಳ ಸ್ವಭಾವವೇ ಉಪಾಧಿ.

ಹಾಗಾದರೆ ರೋಹಿತವೇ ಅಪ್ರಮಾಣವೋ ಎಂದರೆ, ಅಲ್ಲ. ತವರಕ್ಕೂ ಮೀಥೈಲಿನ ಹೈಡ್ರೋಜನ್ನಿಗೂ ನಡುವಣ ಯುಗ್ಮನಾಂಕವೆಂಬ ಎರಡನೆಯ ಹೇತುವಿದೆ. ಆ ಅಂಕದ ವರ್ಗವನ್ನು 0.0161 ರಿಂದ ಗುಣಿಸಿ, ಅಂಕದ 1.32 ರಷ್ಟನ್ನು ಕಳೆದು, 133.4 ನ್ನು ಕೂಡಿಸಿದರೆ ಎರಡು ಮೀಥೈಲುಗಳ ನಡುವಣ ಕೋನ ದೊರೆಯುವುದೆಂದು ಲಾಕ್‌ಹಾರ್ಟ್ ಮತ್ತು ಮ್ಯಾಂಡರ್ಸ್ ಅದೇ 1986 ರಲ್ಲಿ ಹೇಳಿದರು. ಟೆಟ್ರಾಮೀಥೈಲ್ ತವರದ ಅಂಕ ಸುಮಾರು 54 ಹರ್ಟ್ಸ್, ಕೋನ 109 ಅಂಶ. ಚತುರ್ಮುಖಾಕೃತಿಗೆ ಇದು ಯುಕ್ತವೇ. ಮೇಲಣ ಕ್ಲೋರೈಡಿಗೆ ಕ್ಲೋರೋಫಾರ್ಮಿನಲ್ಲಿ ಸುಮಾರು 58, ಕೋನ 111. ಪಿರಿಡೀನಿನಲ್ಲಿ ಅಂಕವು 70 ರ ಬಳಿಗೆ ಏರಿ, ಕೋನ 120 ಆಗುತ್ತದೆ: ಮೂರು ಮೀಥೈಲುಗಳು ಸಮತಲದಲ್ಲಿ, ಕ್ಲೋರಿನ್ನೂ ಪಿರಿಡೀನೂ ಅದರ ಇಕ್ಕೆಲದಲ್ಲಿ. ಪಲ್ಲಟ ಮರೆಸಿದ್ದನ್ನು ಯುಗ್ಮನಾಂಕ ಹೊರಗೆಡಹಿತು.

ಈ ಸೂತ್ರಕ್ಕೂ ಮಿತಿಯುಂಟು. ಅದು ದೃಷ್ಟಾಂತಗಳಿಂದ ಎತ್ತಿದ್ದು. ದ್ರಾವಣದಲ್ಲಿ ಎರಡು ರೂಪಗಳು ವೇಗವಾಗಿ ಅದಲುಬದಲಾಗುತ್ತಿದ್ದರೆ, ದೊರೆಯುವ ಅಂಕಿ ಎರಡರ ಸರಾಸರಿಯೇ ಹೊರತು ಯಾವುದೊಂದರದೂ ಅಲ್ಲ. ರೇಖೆ ಕಾಣಲಿಲ್ಲವಾದ್ದರಿಂದ ತವರವಿಲ್ಲವೆನ್ನುವುದೂ ಸಾಹಸ. 119 ನೆಯ ತವರದ ಭ್ರಮಣಕಾಂತೀಯ ಅನುಪಾತ ಋಣವಾದ ಕಾರಣ, ಹೈಡ್ರೋಜನ್ನಿನ ಯುಗ್ಮನವನ್ನು ಕಳೆಯಲು ನಿರಂತರ ವಿಕಿರಣ ಹಾಯಿಸಿದಾಗ ರೇಖೆ ಕುಗ್ಗಿ ಅಳಿಯಲೂಬಹುದು. ಯೋಗ್ಯಾನುಪಲಬ್ಧಿ ಮಾತ್ರವೇ ಅಭಾವಕ್ಕೆ ಸಾಕ್ಷಿ.

ಹರಳು ದೊರೆಯದ ಸಂಯುಕ್ತಗಳು ಹಲವು. ಅವುಗಳ ರಚನೆಗೆ ರೋಹಿತವೇ ಮುಖ್ಯಸಾಕ್ಷಿ. ಸಾಕ್ಷಿಯ ಮಾತನ್ನು ತಪ್ಪಾಗಿ ಗ್ರಹಿಸಿದರೆ ಇಲ್ಲದ ಆಕೃತಿಯೇ ಗ್ರಂಥಸ್ಥವಾಗುತ್ತದೆ. ಆದಕಾರಣ ಪಲ್ಲಟದೊಡನೆ ದ್ರಾವಕ, ಸಾಂದ್ರತೆ, ಉಷ್ಣತೆ, ಯುಗ್ಮನಾಂಕಗಳನ್ನೂ ಹೇಳದೆ ನೆರೆಗಳ ಸಂಖ್ಯೆಯನ್ನು ಸಾರುವ ವಾಕ್ಯವು ಪ್ರತಿಜ್ಞೆಯೇ ಹೊರತು ಸಿದ್ಧಾಂತವಾಗದು.